ಕೋರ್ಟಿನ ಹಲಗೆ

ಲಿಂಗಸುಗೂರು
18-1-1987

ಅಕ್ಕ ಯಮನಮ್ಮನಿಗೆ ತಮ್ಮ ಬಾಲಪ್ಪನ ಜೈಭೀಮ್.

ಸಂಕ್ರಾಂತಿಗೆ ಬರುತ್ತೇನೆಂದು ಹೇಳಿ ಬರಲಿಲ್ಲ. ಬೈಯುವುದಿದ್ದರೆ ಪತ್ರದಲ್ಲೇ ಬೈದುಬಿಡು, ನನ್ನ ಹೆಂಡತಿ ಆದಮ್ಮನ ಮುಂದೆ ಬೇಡ. ಆಕೆ ಮೊದಲೇ ನಿನ್ನ ಪಾರ್ಟಿ. ಮಗಳು ಸುಜಾತಾ ಐದನೇ ಕ್ಲಾಸಿನಲ್ಲಿ ಎಲ್ಲರಿಗಿಂತ ಜೋರಾಗಿ ಓದುತ್ತಾಳಂತೆ. ನಿನ್ನ ಗಂಟಲೇ ಬಂದಿದೆ.

ಒಂದು ಕೆಲಸಕ್ಕಾಗಿ ಈ ಪತ್ರ. ನಮ್ಮ ಮುನ್ಸೀಫ್ ಸಾಹೇಬರು ಮೈಸೂರು ಕಡೆಯವರು, ಇತಿಹಾಸದ ಹುಚ್ಚು. ಈ ಸೀಮೆಗೆ ನಿಜಾಮರ ಕಾಲದಿಂದ ಯಾವ ಯಾವ ನ್ಯಾಯಾಧೀಶರು ಬಂದರು, ಜಪ್ತಿ, ಜಾರಿಗೆ ಹೋಗುವ ಅಮೀನರು ಯಾರಾಗಿದ್ದರು, ಕೋರ್ಟಿನ ಹುಕುಂಗಳನ್ನು ಹಳ್ಳಿಗಳಿಗೆ ಹೇಗೆ ಮುಟ್ಟಿಸುತ್ತಿದ್ದರು ಎಂಬುದನ್ನೆಲ್ಲ ಬರೆದಿಡಬೇಕಂತೆ. ದಫ್ತರದ ಹಳೆಯ ಕಾಗದಗಳು ಉರ್ದುವಿನಲ್ಲಿವೆ, ಅರ್ಧ ಗೆದ್ದಲು ತಿಂದಿದೆ. ಮೊನ್ನೆ ನನ್ನನ್ನು ಕರೆದು, "ನಿಮ್ಮ ತಂದೆ ಕೋರ್ಟಿಗೆ ಹಲಗೆ ಬಡಿದು ಡಂಗುರ ಸಾರುತ್ತಿದ್ದರಂತಲ್ಲ, ಅವರನ್ನು ಕೇಳಿ" ಅಂದರು. ಗುಮಾಸ್ತರೆಲ್ಲ ತಲೆ ಎತ್ತಿ ನೋಡಿದರು. ನನಗೆ ಒಂದು ಗಳಿಗೆ ನಾಚಿಕೆಯಾಯಿತು. ಆಮೇಲೆ ನಾಚಿಕೆಪಟ್ಟದ್ದಕ್ಕೆ ನನ್ನ ಮೇಲೆ ನನಗೇ ಸಿಟ್ಟು ಬಂತು. ಅಪ್ಪ ನಿನ್ನ ಹತ್ತಿರವಿದ್ದಾನೆ. ಬಿಡುವು ಮಾಡಿಕೊಂಡು ಕೇಳಿ ಬರೆದು ಕಳಿಸು.

ಅಮೀನರ ಸಂಗತಿಯನ್ನು ನಾನೇ ದಸ್ತಗೀರ್‌ಸಾಬ್ ಅವರನ್ನು ಕೇಳಿದೆ. ನನಗೆ ಅಮೀನನ ಕೆಲಸ ಕಲಿಸಿದ ಹಿರಿಯರು. ಕುದುರೆ ಮೇಲೆ ಹೋಗಿ ಜಪ್ತಿ ಮಾಡಿದವರು, ಈಗ ಕಣ್ಣು ಮಂಜಾಗಿ ಮನೆ ಹಿಡಿದಿದ್ದಾರೆ. ಮೊದಲ ದಿನ ಹೇಳಿದ್ದನ್ನೇ ಮತ್ತೆ ಹೇಳಿದರು: "ಜಾರಿಗೆ ಹೋದ ಊರಾಗ ನೀರು ಕುಡೀಬ್ಯಾಡಪ್ಪ. ನೀರು ಕುಡಿದ್ರ ಸಂಬಂಧ ಆಗ್ತೈತಿ. ಸಂಬಂಧ ಆದ್ರ ಜಾರಿ ಆಗಂಗಿಲ್ಲ." ನಾನು ಇವತ್ತಿನವರೆಗೆ ಅದನ್ನು ಮೀರಿಲ್ಲ. ರೊಟ್ಟಿ, ನೀರು ಎರಡೂ ನನ್ನ ಚೀಲದಲ್ಲೇ ಇರುತ್ತವೆ.

ಇನ್ನೊಂದು ಸುದ್ದಿ. ಎರಡು ವರ್ಷದ ಹಿಂದೆ ನೀವೆಲ್ಲ ಸೇರಿ ಮಸ್ಕಿ ಸುತ್ತಲಿನ ನಮ್ಮ ಕೇರಿಗಳಲ್ಲಿ ಹಲಗೆ ಬಿಡಿಸುವ ಠರಾವು ಮಾಡಿದಿರಿ. ಊರವರ ಸಾವಿಗೂ ಬಡಿಯುವುದಿಲ್ಲ, ಸರ್ಕಾರಕ್ಕೂ ಬಡಿಯುವುದಿಲ್ಲ. ಸರಿಯೇ ಆಯಿತು. ಆದರೆ ಕಾಯಿದೆ ಠರಾವು ಓದಿಲ್ಲ. ಹಲಗೆ ಬಡಿದು ಸಾರದೆ ಒಂದು ಹೊಲವನ್ನು ಒಬ್ಬನ ಕೈಯಿಂದ ಇನ್ನೊಬ್ಬನಿಗೆ ಕೊಡಿಸುವ ಹಾಗಿಲ್ಲ. ನಮ್ಮವರನ್ನು ನಾನು ಕೇಳುವುದಿಲ್ಲ, ಅದು ನನ್ನ ಹಟ. ಮಸ್ಕಿಯ ಮದುವೆ ಬ್ಯಾಂಡಿನ ಮಸ್ತಾನಸಾಬನನ್ನು ಗೊತ್ತು ಮಾಡಿಕೊಂಡಿದ್ದೇನೆ. ನಗುವ ಮನುಷ್ಯ, ಕರೆದಾಗ ಬರುತ್ತಾನೆ.

ನಿನ್ನ ತಮ್ಮ
ಬಾಲಪ್ಪ


ಸಿಂಧನೂರು
8-2-1987

ತಮ್ಮ ಬಾಲಪ್ಪನಿಗೆ,

ನಿರಾಶ್ರಿತರ ಆರ್.ಎಚ್. ಕ್ಯಾಂಪಿನ ಶಾಲೆಯಲ್ಲಿ ಪಾಠ ಮುಗಿಸಿ, ಧೂಳು ಕುಡಿದು ಮನೆಗೆ ಬಂದು, ಅಪ್ಪನ ಮುಂದೆ ಹಾಳೆ ಹಿಡಿದು ಕೂತರೆ ಅವನಿಗೆ ಎಲ್ಲಿಲ್ಲದ ಬಿಗುಮಾನ. "ಸಾಹೇಬ್ರು ನನ್ನ ಹೆಸರ ಹಿಡಿದು ಕೇಳ್ಯಾರನು?" ಎಂದು ನಾಲ್ಕು ಸಲ ಕೇಳಿದ. ಹೌದು ಅಂದೆ. ಸುಳ್ಳಾದರೂ ಇರಲಿ.

ಅಪ್ಪನಿಗೆ ಒಬ್ಬ ಮುನ್ಸೀಫನ ಹೆಸರೂ ಗೊತ್ತಿಲ್ಲ. ಎಲ್ಲ ಅವನೇ ಇಟ್ಟ ಹೆಸರುಗಳು. ಮೊದಲು ಅತ್ತರಿನ ಸಾಹೇಬ, ಕಚೇರಿಗೆ ಬಂದು ಹೋದ ಮೇಲೂ ಸಂಜೆತನಕ ವಾಸನೆ ಇರುತ್ತಿತ್ತಂತೆ. ಆಮೇಲೆ ಹೂಂ ಸಾಹೇಬ. ಬರೀ "ಹೂಂ" ಅನ್ನುತ್ತಿದ್ದ, ಯಾರು ಗೆದ್ದರು ಯಾರು ಸೋತರು ಎಂಬುದು ಅಮೀನ ಊರಿಗೆ ಬಂದಾಗಲೇ ತಿಳಿಯುತ್ತಿತ್ತು. ಏಕೀಕರಣ ಆದ ಮೇಲೆ ಚಾದರದ ಸಾಹೇಬ, ಬೇಸಗೆಯಲ್ಲೂ ಮಲೇರಿಯಾ ಚಳಿಗೆ ಹೊದ್ದುಕೊಂಡು ಕೂರುತ್ತಿದ್ದವನು. ಕಣ್ಣೀರಿನ ಸಾಹೇಬ ತೀರ್ಪು ಹೇಳುವಾಗ ಕಣ್ಣೊರೆಸಿಕೊಳ್ಳುತ್ತಿದ್ದ. ಜನ ಕೈಮುಗಿಯುತ್ತಿದ್ದರು. ಅದು ಕಣ್ಣುಬೇನೆಯೆಂಬುದು ವರ್ಗವಾಗಿ ಹೋದ ಮೇಲೆ ಗೊತ್ತಾಯಿತು. ಬೇರೆ ಹಾಳೆಯಲ್ಲಿ ಎಲ್ಲವನ್ನೂ ವಿವರವಾಗಿ ಬರೆದಿದ್ದೇನೆ.

ಕೊನೆಗೆ ಅಪ್ಪ ಹೇಳಿದ ಒಂದು ಮಾತನ್ನು ಹಾಗೆಯೇ ಸಾಹೇಬರಿಗೆ ಓದಿ ಹೇಳು: "ಜಡ್ಜ್ ಸಾಹೇಬ ಕುರ್ಚಿ ಬಿಟ್ಟು ಬರಂಗಿಲ್ಲ. ಅಮೀನ ಊರ ಅಗಸಿ ತನಕ ಬರ್ತಾನ. ಮಂದಿ ಮನಿ ಬಾಗಲತನಕ ಹೋಗಾಂವ ಹಲಗಿಯಾಂವ." ಇತಿಹಾಸ ಬರೆಯುವವರು ಹಲಗೆಯವನ ಹೆಸರನ್ನೂ ಬರೆಯಲಿ. ಪಕೀರಪ್ಪ ಎಂದು, ತಂದೆಯ ಹೆಸರಿನ ಸಮೇತ.

ಬಡಿತಗಳ ಬಗ್ಗೆಯೂ ಏನೇನೋ ಶುರು ಮಾಡಿದ. ತೋರಿಸುತ್ತೇನೆಂದು ಊಟದ ತಾಟು ತಿರುಗಿಸಿ ಬೆರಳು ಆಡಿಸಿದ. ನಾನು ತಾಟು ಕಸಿದುಕೊಂಡೆ. ಅದೆಲ್ಲ ಬರೆದಿಲ್ಲ, ಬರೆಯುವುದೂ ಇಲ್ಲ. ಊರವರ ಸಾವಿಗೆ ಹೊಲೆಗೇರಿಯಿಂದ ಓಡಿಬಂದು ಬಡಿಯಬೇಕಾಗಿದ್ದ ಕೈ ಅದು. ಈಗ ಸುಮ್ಮನಿರಲಿ. ಬಿಚ್ಚಿದ ಹಲಗೆಯ ಬಳೆಯನ್ನು ನನ್ನ ಮಗ ಗಾಲಿ ಮಾಡಿ ಓಣಿಯಲ್ಲಿ ಓಡಿಸುತ್ತಾನೆ. ನೋಡಿದಾಗಲೆಲ್ಲ ನನಗೆ ಸಮಾಧಾನ. ಅಪ್ಪ ಮಾತ್ರ ಆಗ ಒಳಗೆ ಹೋಗಿಬಿಡುತ್ತಾನೆ.

ನಿನ್ನ ಅಕ್ಕ
ಯಮನಮ್ಮ


ಲಿಂಗಸುಗೂರು
5-3-1987

ಅಕ್ಕನಿಗೆ,

ಸಾಹೇಬರು ಕಣ್ಣೀರಿನ ಸಾಹೇಬರ ಕಥೆ ಓದಿ ಬಿದ್ದು ಬಿದ್ದು ನಕ್ಕರು. ಆಮೇಲೆ, "ನನಗೇನು ಹೆಸರಿಟ್ಟಿದ್ದಾರೋ" ಎಂದು ಮೆಲ್ಲಗೆ ಕೇಳಿದರು. ಗೊತ್ತಿಲ್ಲ ಅಂದೆ. ಕೋರ್ಟಿನ ಅಂಗಳದಲ್ಲಿ ಅವರನ್ನು ಪುಸ್ತಕದ ಸಾಹೇಬ ಅನ್ನುತ್ತಾರೆ, ಅದರಲ್ಲಿ ಕೆಟ್ಟದ್ದೇನಿಲ್ಲ, ಆದರೂ ನಾನೇಕೆ ಹೇಳಲಿ.

ಮೊನ್ನೆ ಮಂಗಳವಾರ ಡ್ಯೂಟಿ ಮೇಲೆ ನಮ್ಮ ಸೋದರತ್ತೆ ತಿಮ್ಮವ್ವತ್ತೆಯ ಊರಿಗೇ ಹೋಗಿದ್ದೆ. ಯಾವುದೋ ಒಂದು ಹೊಲ. ಊರ ಗೌಡರ ಮನೆಯವರಿಗೂ ರಾಯಚೂರಿನಲ್ಲಿರುವ ಅಯ್ಯಪ್ಪ ಎಂಬುವನಿಗೂ ದಾವೆ. ಅಯ್ಯಪ್ಪ ಹೊಲ ಬಿಟ್ಟುಕೊಡಲು ಒಪ್ಪಿದ್ದಾನೆ, ಗೌಡರಿಗೆ ಡಿಕ್ರಿ ಆಗಿದೆ. ಬೇರೆ ಯಾರದಾದರೂ ತಕರಾರು ಇದ್ದರೆ ತಿಂಗಳೊಳಗೆ ಕೋರ್ಟಿಗೆ ಬಂದು ಹೇಳಬೇಕೆಂದು ಡಂಗುರ. ಮಸ್ತಾನಸಾಬನಿಗೆ ಬರುವುದು ಮದುವೆ ಬಡಿತ ಒಂದೇ. ಚಾವಡಿಯಿಂದ ಕೇರಿಯತನಕ ಅದನ್ನೇ ಬಾರಿಸಿದ. ಹುಡುಗರು ಕುಣಿದರು. ನಿಲ್ಲಿಸಪ್ಪ ಅನ್ನಬೇಕೆಂದುಕೊಂಡೆ. ಆದರೆ ಕಾಯಿದೆ ಹಲಗೆ ಬೇಕು ಅನ್ನುತ್ತದೆ, ಎಂಥ ಬಡಿತ ಎಂದು ಹೇಳಿಲ್ಲ. ಬೇವಿನ ಗಿಡದ ಕೆಳಗೆ ನಿಂತು ಹುಕುಂ ಓದಿ, ಚಾವಡಿ ಗೋಡೆಗೆ ಪ್ರತಿ ಅಂಟಿಸಿ ಬಂದೆ. ಯಾರೂ ತಕರಾರು ಹೇಳಲಿಲ್ಲ.

ಓಣಿಯ ಕೊನೆಗೆ ಅತ್ತೆ ತನ್ನ ಬಾಗಿಲಲ್ಲಿ ನಿಂತಿದ್ದಳು. ನನ್ನನ್ನು ನೋಡಿದಳು. ನಾನು ತಲೆ ಬಗ್ಗಿಸಿ ಹಾದುಹೋದೆ. ಅತ್ತೆಯ ಮನೆಯಲ್ಲಿ ನೀರು ಕುಡಿದರೆ ನಾಳೆ ಸೋತವನು, ಅಮೀನ ಆ ಊರಿನ ನೆಂಟ ಅನ್ನುತ್ತಾನೆ. ಆಕೆಗೆ ಬೇಜಾರಾಗಿರಬೇಕು. ಯುಗಾದಿಗೆ ನಿಮ್ಮಲ್ಲಿಗೆ ಬರುತ್ತಾಳಲ್ಲ, ನನ್ನ ಪರವಾಗಿ ಸಮಾಧಾನ ಹೇಳು.

ಬಾಲಪ್ಪ


ಸಿಂಧನೂರು
7-4-1987

ಬಾಲಪ್ಪ,

ಅಂಚೆಗೆ ಹಾಕಿದರೆ ತಡವಾಗುತ್ತದೆಂದು ಈ ಪತ್ರವನ್ನು ಲಿಂಗಸುಗೂರು ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸುತ್ತಿದ್ದೇನೆ. ಓದಿದ ಕೂಡಲೇ ಕೋರ್ಟಿಗೆ ಹೋಗು.

ಅತ್ತೆ ಯುಗಾದಿಗೆ ಬಂದಿದ್ದಳು. ಬಂದವಳೇ ನಿನ್ನ ಮೇಲೆ ದೂರು. "ಬಾಲ್ಯಾ ಮದುವಿ ಮಂದಿ ಜೋಡಿ ನಮ್ಮೂರಿಗೆ ಬಂದಿದ್ನಬೇ. ಸಪ್ಪಳ ಕೇಳಿ ಯಾರ್ದೋ ದಿಬ್ಬಣ ಬಂತಂತ ಹಿಡಿ ಅಕ್ಕಿಕಾಳು ತಗೊಂಡು ಬಾಗಲಾಗ ನಿಂತ್ನಿ. ಮದುಮಗಳೂ ಕಾಣಲಿಲ್ಲ, ಇಂವ ನೋಡಿದ್ರೂ ನೋಡದಂಗ ಹೋದ. ದೊಡ್ಡ ನೌಕರಿದಾರ ಆಗ್ಯಾನ. ನಾನೂ ಸಿಟ್ಟೀಲೆ ಕರೀಲಿಲ್ಲ." ನಾವೆಲ್ಲ ನಕ್ಕೆವು. ಡ್ಯೂಟಿಗೆ ಬಂದಿದ್ದನಂತೆ, ಮುನಿಸು ಬೇಡ ಎಂದು ನಾನೇ ಹೇಳಿದೆ.

ಅಪ್ಪ ಮಾತ್ರ ನಗಲಿಲ್ಲ. "ಹೆಂಗ ಬಡದ್ರು, ತೋರ್ಸು" ಎಂದ. ಅತ್ತೆ ಮೊರದ ಮೇಲೆ ಬಡಿದು ತೋರಿಸಿದಳು. ಅಪ್ಪ ಹೋಳಿಗೆ ಬಿಟ್ಟು ಎದ್ದ. ಅವತ್ತಿನಿಂದ ಒಂದೇ ಸಮನೆ, "ಬಾಲ್ಯಾಗ ಬರೀ. ಕೋರ್ಟಿಂದಕ್ಕ ಮದುವಿ ಬಡಿತ ಹಾಕ್ಯಾರ. ಕೇರ್ಯಾಗ ಯಾರಿಗೂ ತಿಳಿದಿಲ್ಲ" ಅನ್ನುತ್ತಿದ್ದ. ಹಲಗೆಯ ಹಳಹಳಿಗೆ ಹೀಗೆ ಮಾಡುತ್ತಾನೆ ಅಂದುಕೊಂಡೆ ನಾನು. ಪರೀಕ್ಷೆ ಕೆಲಸ ಮುಗಿಯಲಿ, ಬರೆಯೋಣ ಎಂದೆ.

ನಿನ್ನೆ ಅತ್ತೆ ಮತ್ತೆ ಬಂದಳು. ಗೌಡರ ಮಗ ಆಕೆಯ ಹುಣಸೆಗಿಡದ ಹೊಲದ ಬದುವಿನ ಮೇಲೆ ನಿಂತು, "ಮುಂಗಾರಿಗೆ ನೀ ಬಿತ್ತಂಗಿಲ್ಲ ನೋಡು, ಕೋರ್ಟಿಂದ ನಮಗಾಗೈತಿ" ಅಂದನಂತೆ. ನಿನ್ನ ಮಾರ್ಚ್ ತಿಂಗಳ ಪತ್ರ ಹುಡುಕಿ ತೆಗೆದು ಓದಿದೆ. ಆ ಅಯ್ಯಪ್ಪ ಯಾರು? ಅತ್ತೆಯ ಗಂಡನ ಅಣ್ಣನ ಮಗನೂ ಅಯ್ಯಪ್ಪನೇ, ಚಿಕ್ಕಂದಿನಲ್ಲೇ ಊರು ಬಿಟ್ಟು ಹೋದವನು. ನೀನು ಸಾರಿದ್ದು ಅತ್ತೆಯ ಹೊಲವೇ ಇರಬೇಕು. ತಿಂಗಳು ದಾಟಿದೆಯೋ ಹೇಗೆ? ನಾಳೆಯೇ ಅತ್ತೆಯನ್ನು ಕಳಿಸುತ್ತೇನೆ.

ಯಮನಮ್ಮ


ಲಿಂಗಸುಗೂರು
19-4-1987

ಅಕ್ಕನಿಗೆ,

ಹೌದು, ಅತ್ತೆಯ ಹೊಲವೇ. ಅತ್ತೆ ಅದನ್ನು ಹುಣಸೆಗಿಡದ ಹೊಲ ಅನ್ನುತ್ತಾಳೆ, ನನ್ನ ಹುಕುಮಿನಲ್ಲಿ ಸರ್ವೆ ನಂಬರ್ ಇತ್ತು. ನಮ್ಮ ಮಾವ ಬದುಕಿದ್ದಾಗ ಬಾಯಿಮಾತಿನ ಮೇಲೆ ಪಾಲಾಗಿ ಬಂದ ಹೊಲ, ಖಾತೆ ಇನ್ನೂ ಅವನ ಅಣ್ಣನ, ಅಂದರೆ ಅಯ್ಯಪ್ಪನ ತಂದೆಯ ಹೆಸರಿನಲ್ಲೇ ಇದೆ. ಅಯ್ಯಪ್ಪ ಮತ್ತು ಗೌಡರು ಒಳಗೊಳಗೇ ಮಾತಾಡಿಕೊಂಡು ದಾವೆ ನಡೆಸಿದ್ದಾರೆ. ಇಪ್ಪತ್ತು ವರ್ಷದಿಂದ ಉಳುತ್ತಿರುವ ಅತ್ತೆಯ ಹೆಸರು ಎಲ್ಲಿಯೂ ಇಲ್ಲ.

ಅತ್ತೆ ಬಂದ ದಿನಕ್ಕೆ ತಿಂಗಳು ಮುಗಿದು ಐದು ದಿನವಾಗಿತ್ತು. ನಮ್ಮ ಪುಸ್ತಕದ ಸಾಹೇಬರಿದ್ದಿದ್ದರೆ ಕೇಳುತ್ತಿದ್ದರೋ ಏನೋ. ಅವರಿಗೆ ಮಾರ್ಚ್ ಕೊನೆಗೆ ವರ್ಗವಾಯಿತು. ಹೊಸಬರು ಬಂದಿಲ್ಲ. ವಾರಕ್ಕೊಮ್ಮೆ ಬೇರೆ ಕಡೆಯಿಂದ ಇನ್‌ಚಾರ್ಜ್ ಸಾಹೇಬರು ಬರುತ್ತಾರೆ, ಒಂದು ದಿನದಲ್ಲಿ ಆರು ದಿನದ ಕೆಲಸ ಮಾಡಬೇಕು. ವಕೀಲರು ಅರ್ಜಿ ಹಾಕಿದರು. ಅತ್ತೆ ಕೈಮುಗಿದು, "ಮದುವಿ ಅಂದ್ಕೊಂಡಿದ್ನಿರೀ ಸಾಹೇಬ್ರ" ಅಂದಳು. ಕೋರ್ಟಿನಲ್ಲಿ ನಾಲ್ಕಾರು ಮಂದಿ ನಕ್ಕರು. ಸಾಹೇಬರು ನಗಲಿಲ್ಲ. ನನ್ನ ಕಡೆ ತಿರುಗಿ ಕೇಳಿದರು, "ಹಲಗೆ ಬಡಿಸಿದ್ದು ನಿಜವೋ ಸುಳ್ಳೋ?" ನಿಜ ಸ್ವಾಮಿ ಅಂದೆ. "ಯಾರೂ ತಕರಾರು ಹೇಳಲಿಲ್ಲ ಎಂದು ವರದಿ ಬರೆದವರು ಯಾರು?" ನಾನೇ ಅಂದೆ. "ಈಕೆ ನಿಮಗೇನಾಗಬೇಕು?" ಅಂದರು. ಅತ್ತೆ ಅಂದೆ. "ಅಮೀನನ ಅತ್ತೆಗೇ ತಿಳಿಯಲಿಲ್ಲವೇ?" ಎಂದು ಪೆನ್ನು ಕೆಳಗಿಟ್ಟರು. ಆಕೆ ಬೇರೆ ದಾವೆ ಹಾಕಿಕೊಳ್ಳಲಿ, ಡಿಕ್ರಿ ನಿಲ್ಲಿಸಲಾಗದು ಎಂದು ಹೇಳಿಬಿಟ್ಟರು.

ಮದುವೆ ಬಡಿತದ ಮಾತು ನಾನು ಎತ್ತಲೇ ಇಲ್ಲ. ಎತ್ತಿದ್ದರೆ ನನ್ನ ಡಂಗುರ ಸುಳ್ಳು ಎಂದಾಗುತ್ತಿತ್ತು. ಎತ್ತಿದ್ದರೂ ಕೇಳುತ್ತಿರಲಿಲ್ಲ ಎಂದು ವಕೀಲರು ಹೇಳುತ್ತಾರೆ. ಬೇರೆ ದಾವೆ ಹಾಕಿದ್ದೇವೆ. ವರ್ಷಗಟ್ಟಲೆ ಹಿಡಿಯುತ್ತದೆ. ಅಲ್ಲಿಯತನಕ ಹೊಲ ಅವರ ಕೈಗೆ.

ಬಡಿತದಿಂದ ಹೀಗಾಯಿತೆಂದು ಅಪ್ಪನಿಗೆ ಹೇಳಬೇಡ.

ಬಾಲಪ್ಪ


ಸಿಂಧನೂರು
26-4-1987

ಬಾಲಪ್ಪ,

ಅಪ್ಪನಿಗೆ ಹೇಳಬೇಡ ಅನ್ನುತ್ತೀ. ನಮ್ಮೆಲ್ಲರಿಗಿಂತ ಮೊದಲು ತಿಳಿದವನೇ ಅವನು.

ಇಡೀ ಕೇರಿಯಲ್ಲಿ ನಿನಗೆ ಒಂದು ಗುಟುಕು ನೀರು ಬೇಡವಾಯಿತು. ಅತ್ತೆ ಬಾಗಿಲಲ್ಲಿ ನಿಂತಿದ್ದಳು. ಒಳಗೆ ಹೋಗಿ ಕೂತು ತಂಬಿಗೆ ಎತ್ತಿದ್ದರೆ, "ಯಾಕಪಾ ಬಂದೀ?" ಎಂದು ಆಕೆ ಕೇಳುತ್ತಿದ್ದಳು. ನೀನು ಹೇಳುತ್ತಿದ್ದೆ. ಅಷ್ಟು ಸಾಕಿತ್ತು. ಆಕೆ ನಿನ್ನನ್ನು ಎತ್ತಿ ಆಡಿಸಿದವಳು ಕಣೋ. ಅವ್ವ ಜಡ್ಡು ಬಿದ್ದು ಮಲಗಿದ್ದಾಗ ಎರಡು ವರ್ಷ ನಿನಗೆ ಉಣಿಸಿದವಳು. ನೀನು ಯಾವನದೋ ನಿಯಮವನ್ನು ಎದೆಗೆ ಕಟ್ಟಿಕೊಂಡು ಆಕೆಯ ಮುಂದೆ ತಲೆ ಬಗ್ಗಿಸಿ ಹೋದೆ.

ಕಬ್ಜಾ ಕೊಡಿಸುವ ವಾರಂಟು ನಿನ್ನ ಕೈಗೆ ಬಂದರೆ ತೆಗೆದುಕೊಳ್ಳಬೇಡ. ಜಡ್ಡು ಎಂದು ರಜೆ ಹಾಕು. ಬೇರೆ ಯಾರಾದರೂ ಹೋಗಲಿ. ಆ ಹೊಲದಲ್ಲಿ ನೀನು ಮಾತ್ರ ಕಾಲಿಡಬೇಡ. ಇಷ್ಟು ನಡೆಸಿಕೊಡು.

ಯಮನಮ್ಮ


ಲಿಂಗಸುಗೂರು
16-6-1987

ಅಕ್ಕನಿಗೆ,

ನೀನು ಹೇಳಿದಂತೆ ನಡೆಯಲಿಲ್ಲ. ವಾರಂಟು ನಾನೇ ತೆಗೆದುಕೊಂಡೆ. ಇನ್ನೊಬ್ಬ ಅಮೀನನಾಗಿದ್ದರೆ ಅತ್ತೆಯ ರೆಟ್ಟೆ ಹಿಡಿದು ಎಬ್ಬಿಸುತ್ತಿದ್ದ, ಪೊಲೀಸರ ಕೈಯಲ್ಲಿ ಬೈಸುತ್ತಿದ್ದ. ಅದನ್ನಾದರೂ ತಪ್ಪಿಸೋಣ ಅಂದುಕೊಂಡೆ.

ಮಳೆ ಬಿದ್ದು ಹೊಲ ಹದವಾಗಿತ್ತು. ಅತ್ತೆ ಸಜ್ಜೆ ಬೀಜ ತಂದು ಹುಣಸೆಗಿಡದ ಬುಡದಲ್ಲಿ ಇಟ್ಟುಕೊಂಡು ಕೂತಿದ್ದಳು. ನಾನು ಬರುವುದು ಆಕೆಗೆ ಗೊತ್ತಿತ್ತು. ನಾನು ಒಂದು ಹೆಂಟೆ ಮಣ್ಣು ಎತ್ತಿ ಗೌಡರ ಮಗನ ಕೈಯಲ್ಲಿಟ್ಟೆ. ಕಬ್ಜಾ ಕೊಡುವುದೆಂದರೆ ಅಷ್ಟೇ. ಅವನು ಅದನ್ನು ಕೆಳಗೆ ಎಸೆದು ಕೈ ಝಾಡಿಸಿಕೊಂಡ. ಅತ್ತೆ ಎದ್ದಳು, ತಾನಾಗಿಯೇ ಬದು ದಾಟಿದಳು. ತನ್ನ ಮಗಿಯಿಂದ ನೀರು ಬಗ್ಗಿಸಿ, "ಇವತ್ತರ ನೀರು ಕುಡೀಪಾ, ಬಿಸಲು ಭಾಳ ಐತಿ" ಎಂದು ಚಾಚಿದಳು.

ನಾನು ಕುಡಿಯಲಿಲ್ಲ.

ಯಾವನದೋ ನಿಯಮ ಎಂದು ಬರೆದೆಯಲ್ಲ, ಅದಕ್ಕೆ ಹೇಳುತ್ತೇನೆ. ಕೋರ್ಟಿನ ಬಿಲ್ಲೆ ಎದೆಯ ಮೇಲಿದ್ದರೂ ಊರೊಳಗೆ ನನಗೆ ಯಾರೂ ಲೋಟ ಕೊಡುವುದಿಲ್ಲ. ಬೊಗಸೆ ಹಿಡಿ ಎಂದು ಮೇಲಿಂದ ಹೊಯ್ಯುತ್ತಾರೆ. ದಸ್ತಗೀರ್‌ಸಾಬರ ಮಾತು ನನಗೊಂದು ಪರದೆಯಾಯಿತು. ಅಮೀನ ನೀರು ಕುಡಿಯುವುದಿಲ್ಲ ಅಂದರೆ, ಅವರು ಕೊಡಲಿಲ್ಲವೋ ನಾನು ಒಲ್ಲೆ ಅಂದೆನೋ ಯಾರಿಗೂ ತಿಳಿಯುವುದಿಲ್ಲ. ಊರಲ್ಲಿ ಒಲ್ಲೆ ಅಂದು ಕೇರಿಯಲ್ಲಿ ಕುಡಿದರೆ ಎಲ್ಲರಿಗೂ ತಿಳಿದುಹೋಗುತ್ತದೆ. ಇದನ್ನು ನಾನು ಆದಮ್ಮನಿಗೂ ಹೇಳಿಲ್ಲ.

ಇಷ್ಟೆಲ್ಲ ಬರೆದ ಮೇಲೆ ಉಳಿದದ್ದನ್ನೂ ಬರೆದುಬಿಡುತ್ತೇನೆ. ಅಪ್ಪನ ಕೈಯಲ್ಲಿ ಹಲಗೆ ಇದ್ದಿದ್ದರೆ ಅತ್ತೆ ಅಕ್ಕಿ ಹಿಡಿದು ನಿಲ್ಲುತ್ತಿರಲಿಲ್ಲ. ಎದೆ ಬಡಿದುಕೊಂಡು ಓಡಿ ಬರುತ್ತಿದ್ದಳು. ಆ ಕೈ ನಿಲ್ಲಿಸಿದವಳು ನೀನು.

ಬಾಲಪ್ಪ


ಸಿಂಧನೂರು
2-7-1987
(ಕಾರ್ಡು)

ನಿನ್ನ ಪತ್ರ ಮುಟ್ಟಿತು. ಅತ್ತೆಯನ್ನು ನಾನು ಕರೆದುಕೊಂಡು ಬಂದಿದ್ದೇನೆ. ಸುಮ್ಮನೆ ಕೂರಲೊಲ್ಲಳು, ವಳಕಮದಿನ್ನಿಯ ಗದ್ದೆಗಳಿಗೆ ಸಸಿ ಹಚ್ಚಲು ಕೂಲಿಗೆ ಹೋಗುತ್ತಿದ್ದಾಳೆ. ಒಣಬೇಸಾಯದ ಕಾಲು, ಕೆಸರಿನಲ್ಲಿ ಬೆರಳುಸಂದುಗಳು ಕೊಳೆತಿವೆ. ಅಪ್ಪ ಆರಾಮ ಇದ್ದಾನೆ. ನೀನು ಇನ್ನು ಪತ್ರ ಬರೆಯಬೇಡ.

ಯಮನಮ್ಮ


ಲಿಂಗಸುಗೂರು
10-11-1991

ಅಕ್ಕನಿಗೆ,

ಬೇಡ ಅಂದರೂ ಆಗಾಗ ಬರೆದೆ, ನೀನು ಉತ್ತರ ಕೊಡಲಿಲ್ಲ. ಹೋದ ವರ್ಷ ಅಪ್ಪನ ಮಣ್ಣಿನ ದಿನ ಗುಂಡಿಯ ಆ ಕಡೆ ನೀನು, ಈ ಕಡೆ ನಾನು. ಅತ್ತೆ ನಡುವೆ ನಿಂತಿದ್ದಳು. ನೀನು ತಲೆ ಎತ್ತಲಿಲ್ಲ. ಹಲಗೆಯಿಲ್ಲದೆ ಅಪ್ಪನನ್ನು ಕಳಿಸಿದೆವು. ಅದೇ ಸರಿ ಎಂದು ನನಗೂ ಅನ್ನಿಸಿತು, ಆದರೆ ಆ ಮೌನದಲ್ಲಿ ನಿಲ್ಲಲಾಗಲಿಲ್ಲ.

ನಮ್ಮಲ್ಲಿ ನ್ಯಾಯಾಧೀಶರ ಹೆಸರುಗಳನ್ನು ಮರದ ಫಲಕದ ಮೇಲೆ ಬಿಳಿ ಬಣ್ಣದಲ್ಲಿ ಬರೆಸಿ ತೂಗುಹಾಕಿದ್ದಾರೆ. ಎಂದು ಬಂದರು, ಎಂದು ಹೋದರು, ಅಷ್ಟೇ. ಅಮೀನರ ಹೆಸರಿಲ್ಲ. ಪುಸ್ತಕದ ಸಾಹೇಬರು ನಿವೃತ್ತರಾಗಿ ತಮ್ಮ ಇತಿಹಾಸವನ್ನು ಟೈಪು ಮಾಡಿಸಿ ನನಗೊಂದು ಪ್ರತಿ ಕಳಿಸಿದ್ದಾರೆ. ಅಪ್ಪನ ಆ ಮಾತು ಅದರಲ್ಲಿದೆ, "ಹಿರಿಯರೊಬ್ಬರು ಹೇಳಿದಂತೆ" ಎಂದು. ಹೆಸರಿಲ್ಲ. ಜೊತೆಗೆ ಒಂದು ಚೀಟಿ: "ನಾನು ಹೊರಡುವಾಗ ಮಸ್ಕಿ ಕಡೆಯ ಒಂದು ಡಂಗುರ ಹೊರಬಿದ್ದಿತ್ತಲ್ಲ, ಅದೇನಾಯಿತು? ಯಾರಾದರೂ ತಕರಾರು ಹೇಳಿದರೇ?" ಉತ್ತರ ಬರೆಯಲು ಮೂರು ಸಲ ಕೂತೆ. ಬರೆದಿಲ್ಲ.

ಅತ್ತೆಯ ದಾವೆ ಮುಂದಕ್ಕೆ ಹೋಗುತ್ತಲೇ ಇದೆ. ಈಗಿನವರು ನಾಲ್ಕನೇ ಸಾಹೇಬರು. ಅಪ್ಪನಿದ್ದಿದ್ದರೆ ನಾಲ್ವರಿಗೂ ಹೆಸರಿಡುತ್ತಿದ್ದ. ಆಕೆಯ ಕಾಲು ಈಗ ಹೇಗಿದೆ, ಅದನ್ನಾದರೂ ಬರಿ.

ಬಾಲಪ್ಪ


ಲಿಂಗಸುಗೂರು
21-4-1996

ಅಕ್ಕ,

ಸುಜಾತಾಳ ಮದುವೆ ಗೊತ್ತಾಗಿದೆ. ಮೇ ಹನ್ನೆರಡು, ಭಾನುವಾರ. ಹುಡುಗ ಮಾನ್ವಿಯಲ್ಲಿ ಮಾಸ್ತರ. ಬುದ್ಧವಂದನೆ ಮಾಡಿಸಿ ಸರಳವಾಗಿ ಮಾಡುತ್ತೇವೆ. ಅಕ್ಷತೆ ಬೇಡ, ಹೂವಿನ ಪಕಳೆ ಸಾಕು ಎಂದು ಸುಜಾತಾಳೇ ಹೇಳಿದ್ದಾಳೆ. ನಿನ್ನ ಸೋದರಸೊಸೆ, ಬೇರೆ ಹೇಗಿರುತ್ತಾಳೆ.

ಹೋದ ವರ್ಷ ಅತ್ತೆಯ ದಾವೆ ವಜಾ ಆದ ದಿನ ನಿನ್ನ ಗಂಡ ಕೋರ್ಟಿಗೆ ಬಂದಿದ್ದರು. ನನ್ನ ಹೆಗಲ ಮೇಲೆ ಕೈಯಿಟ್ಟು ಹೋದರು. ಆ ಕೈ ನೀನು ಕಳಿಸಿದ್ದು ಎಂದುಕೊಂಡು ಈ ಪತ್ರ ಬರೆಯುವ ಧೈರ್ಯ ಮಾಡಿದ್ದೇನೆ. ನೀನು ಬರಬೇಕು. ಅತ್ತೆಯನ್ನು ಕರೆತರಬೇಕು.

ಬಾಲಪ್ಪ


ಸಿಂಧನೂರು
2-5-1996

ತಮ್ಮ ಬಾಲಪ್ಪನಿಗೆ,

ಬರುತ್ತೇನೆ. ಅಂದೇ ಸಂಜೆ ತಿರುಗಿ ಹೊರಡಬೇಕು, ಚುನಾವಣೆ ಕೆಲಸದ ಲೆಕ್ಕ ಒಪ್ಪಿಸುವುದಿದೆ. ಅತ್ತೆ ಬೇಕಾದರೆ ಒಂದು ದಿನ ಉಳಿಯಲಿ.

ಒಂಬತ್ತು ವರ್ಷ ಸಿಟ್ಟಿನಲ್ಲಿ ಕಳೆದೆ. ನಿನ್ನ ಮೇಲೆ ಎಷ್ಟೋ ನನ್ನ ಮೇಲೂ ಅಷ್ಟೇ. ಠರಾವು ಮಾಡಿದ್ದು ತಪ್ಪು ಎಂದು ನಾನು ಇವತ್ತಿಗೂ ಅನ್ನುವುದಿಲ್ಲ. ನಾಳೆಯೂ ಮಾಡುತ್ತೇನೆ. ಆದರೆ ಅಪ್ಪ ಹೋಗುವ ಮುಂಚಿನ ಬೇಸಗೆಯಲ್ಲಿ ಒಂದು ಮಧ್ಯಾಹ್ನ ಶಾಲೆಯಿಂದ ಬೇಗ ಬಂದಾಗ, ಪಡಸಾಲೆಯಲ್ಲಿ ಮೊರ ಬಡಿಯುವ ಸಪ್ಪಳ ಕೇಳಿಸಿತು. ಅಪ್ಪ ಅತ್ತೆಯನ್ನು ಎದುರಿಗೆ ಕೂರಿಸಿಕೊಂಡು, "ಇದು ಸಾವಿಂದು. ಇದು ಮದುವಿದು. ಇದು ಕೋರ್ಟಿಂದು, ಸರಿಯಾಗಿ ಕೇಳು" ಎಂದು ಕಲಿಸುತ್ತಿದ್ದ. ಅತ್ತೆಗೆ ಹೊಲವೇ ಉಳಿದಿರಲಿಲ್ಲ. ಆದರೂ ಮಗ್ಗಿ ಕಲಿಯುವ ಮಗುವಿನಂತೆ ತಲೆಯಾಡಿಸುತ್ತಿದ್ದಳು. ಅಂದು ನಾನು ಮೊರ ಕಸಿದುಕೊಳ್ಳಲಿಲ್ಲ. ಹೊರಗೇ ಕಟ್ಟೆಯ ಮೇಲೆ ಕೂತು ಅತ್ತುಬಿಟ್ಟೆ.

ಮದುವೆಗೆ ಬಾ ಎಂದು ಹೇಳಿದಾಗ ಅತ್ತೆ ಕೇಳಿದ್ದು ಒಂದೇ, "ಖರೇ ಮದುವಿ ಏನಬೇ?" ಖರೇನೇ ಅಂದೆ. ಆಮೇಲೆ, "ಹಲಗಿ ಬ್ಯಾಡ ಅನ್ನು ಅವಗ. ಹಲಗಿ ಇಲ್ಲಂದ್ರ ಬರ್ತೀನಿ" ಅಂದಳು. ಬ್ಯಾಂಡೂ ಬೇಡ ಬಾಲಪ್ಪ, ದಯವಿಟ್ಟು.

ಯಮನಮ್ಮ


ಲಿಂಗಸುಗೂರು
13-5-1996

ಅಕ್ಕ,

ನೀನು ಬಸ್ಸು ಹತ್ತಿದ ಮೇಲೆ ಏನಾಯಿತೆಂದು ಬರೆಯಬೇಕು.

ಹಲಗೆಯಿಲ್ಲದ ಮದುವೆ, ಸಾವಿನ ಮನೆಯಂತಿದೆ ಎಂದು ಬೀಗರಲ್ಲಿ ಇಬ್ಬರು ಗೊಣಗಿದ್ದು ನಿನಗೂ ಕೇಳಿಸಿರಬೇಕು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಎಲ್ಲರೂ ಪಕಳೆ ಹಾಕುವಾಗ ಅತ್ತೆ ಮೂಲೆಯಲ್ಲಿ ಕೂತೇ ಇದ್ದಳು. ದಣಿದಿದ್ದಾಳೆ ಅಂದುಕೊಂಡೆ. ಸುಜಾತಾ ಕಾಲಿಗೆ ಬಿದ್ದಾಗ ಎಡಗೈಯಿಂದ ಬೆನ್ನು ಸವರಿದಳು. ಜೀಪು ಹೊರಟಿತು.

ಹಂದರ ಬಿಚ್ಚುವ ಹೊತ್ತಿಗೆ ಅತ್ತೆಗೆ ನೀರು ಒಯ್ದುಕೊಟ್ಟೆ. ಬಲಗೈ ಮುಷ್ಟಿ ಮುಚ್ಚಿಯೇ ಇತ್ತು. ಬಿಡಿಸಿದೆ. ಅಕ್ಕಿಕಾಳು. ಸಿಂಧನೂರಿನಿಂದಲೇ ಸೆರಗಿನಲ್ಲಿ ಕಟ್ಟಿ ತಂದದ್ದಂತೆ. ಬೆವರಿಗೆ ಅರಿಸಿನ ಅಂಗೈಗೆಲ್ಲ ಹತ್ತಿತ್ತು. "ಹಾಕೋದಿತ್ತಲ್ಲ ಅತ್ತೀ" ಅಂದೆ. "ಹಾಕಬೇಕಂತನ ಇದ್ನಿ. ಕೈ ಏಳಲಿಲ್ಲಪಾ" ಅಂದಳು.

ನನಗೆ ತಡೆಯಲಾಗಲಿಲ್ಲ. "ನನ್ನ ತಲೀ ಮ್ಯಾಲರ ಹಾಕು" ಎಂದು ಆಕೆಯ ಮುಂದೆ ಬಗ್ಗಿದೆ. ಬಹಳ ಹೊತ್ತು ಬಗ್ಗಿಯೇ ಇದ್ದೆ. ಏನೂ ಬೀಳಲಿಲ್ಲ. ತಲೆ ಎತ್ತಿ ನೋಡಿದರೆ ಕಾಳುಗಳನ್ನು ಮತ್ತೆ ಸೆರಗಿನಲ್ಲಿ ಕಟ್ಟಿಕೊಳ್ಳುತ್ತಿದ್ದಳು. "ಒಯ್ಯತೀನಿ. ಕುದಿಸಿದ್ರ ಅನ್ನ ಆಗ್ತೈತಿ" ಅಂದಳು. ಮುಖದಲ್ಲಿ ಸಿಟ್ಟಿರಲಿಲ್ಲ ಅಕ್ಕ. ಸಿಟ್ಟಾದರೂ ಇದ್ದಿದ್ದರೆ ಚೆನ್ನಾಗಿತ್ತು.

ಇವತ್ತು ಆಕೆಯನ್ನು ಬಸ್ಸಿಗೆ ಹತ್ತಿಸುತ್ತೇನೆ. ಪತ್ರವನ್ನು ಆಕೆಯ ಕೈಯಲ್ಲೇ ಕಳಿಸೋಣವೆಂದು ಇಷ್ಟು ಬರೆಯುವಾಗ ಹತ್ತಿರ ಬಂದು ನಿಂತು, "ಏನು ಕಾಗದ ಇದು?" ಎಂದು ಕೇಳಿದಳು. ಅಕ್ಕನಿಗೆ ಅಂದೆ.

"ಇದರಾಗ ನಂದೇನೂ ಹೋಗಂಗಿಲ್ಲಲ್ಲ?" ಅಂದಳು.

ಇಲ್ಲ ಅತ್ತೆ ಅಂದೆ.

ಬಾಲಪ್ಪ